ಕಂಪನಿಗೆ ಫೋನ್ ಮಾಡುವ ಮುನ್ನ...

ಮನೆಗೇ ಚಕ್ರ ಕಟ್ಟಿಕೊಂಡು ಊರೂರು ಸುತ್ತುವವರು ಅಮೆರಿಕದಲ್ಲಿ ಬಹಳ ಮಂದಿ. ಅಡುಗೆಮನೆ, ಹಾಸಿಗೆ, ಬಚ್ಚಲು ಎಲ್ಲವೂ ಇರುವ ಆ ಬಸ್ಸಿನಂಥ ವಾಹನಕ್ಕೆ ಮೋಟರ್‌ಹೋಮ್ ಎನ್ನುತ್ತಾರೆ. ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಸುತ್ತಮುತ್ತ ಇವುಗಳ ಕಾರ್ಖಾನೆಗಳು ಸಾಲುಸಾಲಾಗಿವೆ. ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಓದಿ, ಎಂ.ಎಸ್.ಗೆಂದು ಈ ಕಡೆ ಬಂದ ನನಗೆ ಮೊದಲ ಕೆಲಸ ಸಿಕ್ಕಿದ್ದು ಇಂಥ ವಾಹನಗಳನ್ನು ರಿಪೇರಿ ಮಾಡುವ ಸರ್ವಿಸ್ ಸೆಂಟರಿನಲ್ಲಿ.

ಮೋಟರ್‌ಹೋಮ್ ನಿಲ್ಲಿಸಿದ ಜಾಗ ಇಳಿಜಾರಾಗಿದ್ದರೆ ಮಲಗಿದವರು ಉರುಳುತ್ತಾರೆ, ಬಚ್ಚಲ ನೀರು ಹರಿಯುವುದಿಲ್ಲ, ಅಮೋನಿಯಾ ಬಳಸುವ ಗ್ಯಾಸ್ ಫ್ರಿಜ್ ಕೆಡಬಹುದು. ಅದಕ್ಕೇ ಅಡಿಯಲ್ಲಿ ಜಾಕ್‌ಗಳಿರುತ್ತವೆ. ಬಟನ್ ಒತ್ತಿದರೆ 12 ವೋಲ್ಟ್ ಪಂಪ್ ಎಣ್ಣೆಯನ್ನು ನೂಕುತ್ತದೆ, ಜಾಕ್ ಇಳಿದು ವಾಹನ ಮಟ್ಟವಾಗುತ್ತದೆ. ಹೊರಡುವಾಗ ವಾಲ್ವ್ ತೆರೆದರೆ ಸ್ಪ್ರಿಂಗ್‌ಗಳು ಜಾಕನ್ನು ಮೇಲೆಳೆದು, ಎಣ್ಣೆಯನ್ನು ಟ್ಯಾಂಕಿಗೆ ವಾಪಸು ಕಳಿಸುತ್ತವೆ.

ಕಳೆದ ವರ್ಷ ನಿವೃತ್ತ ದಂಪತಿಯೊಬ್ಬರ ವಾಹನದ ಎಡ ಹಿಂಬದಿಯ ಜಾಕ್ ಮೇಲೇಳಲೇ ಇಲ್ಲ. ಇದ್ದ ಮನೆ ಮಾರಿ ಅದರಲ್ಲೇ ವಾಸವಾಗಿದ್ದವರು ಅವರು. ಪಕ್ಕದ ರಾಜ್ಯದಲ್ಲಿದ್ದ ಮಗಳಿಗೆ ಹೆರಿಗೆ ದಿನ ಹತ್ತಿರ ಬಂದಿತ್ತು. ಜಾಕ್ ನೆಲ ಕಚ್ಚಿದ್ದರೆ ಮನೆ ಅಲುಗಾಡುವಂತಿಲ್ಲ.

ಅವರು ಮೂರು ದಿನದಿಂದ ಫೋನ್ ಮಾಡಿ ಸೋತಿದ್ದರು. ವಾಹನದ ಮೇಲೆ ಹೆಸರಿದ್ದ ಕಂಪನಿ, ‘ಜಾಕ್ ನಮ್ಮದಲ್ಲ’ ಎಂದಿತ್ತು. ಚಾಸಿಸ್ ಮಾಡಿದ ಕಂಪನಿ, ‘ಎಂಜಿನ್, ಫ್ರೇಮ್ ಮಾತ್ರ ನಮ್ಮದು’ ಎಂದಿತ್ತು. ಇಬ್ಬರೂ ಸುಳ್ಳು ಹೇಳಿರಲಿಲ್ಲ. ಮೋಟರ್‌ಹೋಮ್ ಒಬ್ಬರು ಮಾಡಿದ ವಸ್ತುವಲ್ಲ. ಚಾಸಿಸ್ ಒಬ್ಬರದು, ಮೇಲಿನ ಮನೆ ಇನ್ನೊಬ್ಬರದು, ಫ್ರಿಜ್, ಜನರೇಟರ್, ಜಾಕ್ ಬೇರೆ ಬೇರೆಯವರದು. ಹಾಗಾಗಿ ಮೊದಲ ಕೆಲಸ ಆ ಭಾಗ ಮಾಡಿದವರು ಯಾರೆಂದು ಪತ್ತೆ ಹಚ್ಚುವುದು. ಪಂಪಿನ ಮೇಲೆ ಕೂತಿದ್ದ ಜಿಡ್ಡು ಒರೆಸಿದಾಗ ಲೇಬಲ್ ಸಿಕ್ಕಿತು. ತಯಾರಕರ ಹೆಸರು, ಮಾಡೆಲ್, ಸೀರಿಯಲ್ ನಂಬರ್ ಎಲ್ಲ ಅದರಲ್ಲಿತ್ತು.

ನಾನು ಕೂಡಲೇ ಫೋನ್ ತೆಗೆದೆ. ಜೊತೆಗಿದ್ದ ಹಿರಿಯ ಮೆಕ್ಯಾನಿಕ್ ತಡೆದರು. “ಅವರಿಗೆ ಕಣ್ಣಿಲ್ಲ. ನಾವೇ ಅವರ ಕಣ್ಣು. ನೋಡಿದ್ದನ್ನೆಲ್ಲ ಮೊದಲು ಬರೆದುಕೋ” ಎಂದರು. ಪಂಪ್ ಓಡುವಾಗ ವೋಲ್ಟೇಜ್ ಎಷ್ಟು, ಪ್ಯಾನೆಲ್‌ನಲ್ಲಿ ಯಾವ ದೀಪ ಉರಿಯುತ್ತಿದೆ, ಎಣ್ಣೆ ಎಷ್ಟಿದೆ, ಯಾವ ಜಾಕ್ ಸರಿಯಿದೆ ಎಂದು ಒಂದು ಪುಟ ಬರೆದೆ. ಉಳಿದ ಮೂರೂ ಸರಾಗವಾಗಿ ಇಳಿದು ಏರುತ್ತಿದ್ದವು.

ತಾಂತ್ರಿಕ ವಿಭಾಗದವರು ಕೇಳಿದ್ದೂ ಅವೇ ಪ್ರಶ್ನೆಗಳು. ಉತ್ತರ ಸಿದ್ಧವಿದ್ದುದರಿಂದ ಮಾತು ಬೇಗ ಮುಂದೆ ಹೋಯಿತು. ಹಿಂಬದಿಯ ಎರಡು ವಾಲ್ವ್‌ಗಳ ವೈರ್ ಅದಲು ಬದಲು ಮಾಡಿ ಎಂದರು. ಎಡದ ಬಟನ್ ಒತ್ತಿದಾಗ ಬಲದ ಜಾಕ್ ಏರಿತು. ಅಂದರೆ ಬಟನ್, ವೈರಿಂಗ್ ಸರಿಯಿದೆ. ಬಲದ ಬಟನ್‌ಗೆ ಎಡದ್ದು ಮಿಸುಕಲಿಲ್ಲ. ಕೆಟ್ಟಿದ್ದು ವಾಲ್ವ್ ಇರಬಹುದು, ಇಲ್ಲವೇ ಜಾಕ್. ವಾಲ್ವ್‌ನ ಕೈಯಿಂದ ತಿರುಗಿಸುವ ಬಿಡುಗಡೆ ತಿರುಪನ್ನು ನಿಧಾನವಾಗಿ ಸಡಿಲಿಸಲು ಹೇಳಿದರು. ಅದಕ್ಕೂ ಮುಂಚೆ ಎರಡು ಬಾರಿ ಕೇಳಿದರು, “ವಾಹನದ ಕೆಳಗೆ ಯಾರೂ ಇಲ್ಲ ತಾನೇ?” ಎಣ್ಣೆ ಬಿಟ್ಟರೆ ವಾಹನ ಕುಸಿಯುತ್ತದೆ. ಬರೀ ಜಾಕ್ ನಂಬಿ ಅಡಿಗೆ ನುಗ್ಗುವುದು ಪ್ರಾಣಕ್ಕೇ ಅಪಾಯ. ತಿರುಪು ಸಡಿಲವಾದಂತೆ ಜಾಕ್ ತಾನಾಗಿ ಮೇಲೆದ್ದಿತು. ಆಗ ದೋಷ ವಾಲ್ವ್‌ನದೇ ಎಂದು ಖಾತ್ರಿಯಾಯಿತು. ಆ ಮಾಡೆಲ್ ನಿಂತುಹೋಗಿದ್ದರೂ ಹೊಂದುವ ಬದಲಿ ವಾಲ್ವ್ ಐದನೇ ದಿನ ಬಂತು. ದಂಪತಿ ಹೆರಿಗೆಗೆ ಮುಂಚೆ ಮಗಳ ಮನೆ ಸೇರಿದರು.

ಸರ್ವಿಸ್ ಕ್ಷೇತ್ರಕ್ಕೆ ಬರುವ ಗೆಳೆಯರಿಗೆ ಇನ್ನೆರಡು ಮಾತು. ವಾರಂಟಿ ಇದ್ದರೆ ಒಪ್ಪಿಗೆ ಪಡೆಯದೆ ಭಾಗವನ್ನು ಬಿಚ್ಚಬೇಡಿ, ಆಮೇಲೆ ಹಣ ಕೇಳುವುದು ಕಷ್ಟ. ಮಾತಾಡಿದವರ ಹೆಸರು, ದಿನಾಂಕ, ದೂರಿನ ನಂಬರ್ ಬರೆದಿಡಿ. ಕಾನೂನನ್ನೂ ತಿಳಿದಿರಿ. ಹೊರಗಿನ ಗ್ಯಾರೇಜಿನಲ್ಲಿ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ವಾರಂಟಿ ನಿರಾಕರಿಸಲು 1975ರ ಮ್ಯಾಗ್ನುಸನ್-ಮಾಸ್ ಕಾಯ್ದೆ ಇಲ್ಲಿ ಬಿಡುವುದಿಲ್ಲ. ನಮ್ಮ ಕೇಂದ್ರ ಸರ್ಕಾರವೂ 2022ರಲ್ಲಿ ‘ರೈಟ್ ಟು ರಿಪೇರ್’ ಪೋರ್ಟಲ್ ತೆರೆದಿದೆ. ಮೊಬೈಲ್, ಗೃಹೋಪಯೋಗಿ ವಸ್ತು, ವಾಹನ, ಕೃಷಿ ಯಂತ್ರಗಳ ರಿಪೇರಿ ಮಾಹಿತಿ ಒಂದೇ ಕಡೆ ಸಿಗಲಿ ಎಂಬುದು ಅದರ ಉದ್ದೇಶ.

ನಮ್ಮಲ್ಲಿ ಈಗ ಹೊಸಬರ ಸಂದರ್ಶನದಲ್ಲಿ ಅಂಕಪಟ್ಟಿಯ ಜೊತೆಗೆ ಒಂದು ಕೆಟ್ಟ ಪಂಪನ್ನೂ ಮುಂದಿಡುತ್ತಾರೆ. “ಇದಕ್ಕೇನಾಗಿದೆ ಎಂದು ಫೋನಿನಲ್ಲಿರುವವರಿಗೆ ಮೂರು ವಾಕ್ಯದಲ್ಲಿ ಹೇಳಿ” ಎನ್ನುತ್ತಾರೆ. ಕೆಲಸ ಸಿಗುವುದು ಸರಿಯಾಗಿ ನೋಡಿ ಹೇಳಿದವರಿಗೆ.