ಯಾಕೆ ತೆಗೆದೆ ಈ ಫೋಟೊ?

ಫೋಟೊಗ್ರಫಿ ಕಲಿಯುವ ಹೈಸ್ಕೂಲ್ ಮಕ್ಕಳ ಎದೆ ಢವಗುಟ್ಟುವ ದಿನವೊಂದಿದೆ. ಅಂದು ಯಾರೂ ಕ್ಯಾಮೆರಾ ಮುಟ್ಟುವುದಿಲ್ಲ. ಎಲ್ಲರ ಪ್ರಿಂಟುಗಳನ್ನು ಗೋಡೆಗೆ ಸಿಕ್ಕಿಸಿ, ಇಡೀ ತರಗತಿ ಎದುರು ನಿಂತು ನೋಡುತ್ತದೆ. ಫೋಟೊ ತೆಗೆದವರು ಮೊದಲು ಬಾಯಿ ಬಿಡುವಂತಿಲ್ಲ ಎಂಬ ಕಟ್ಟಳೆ ಎಷ್ಟೋ ಕಡೆ ಇದೆ. ಸಹಪಾಠಿಗಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡ ಮೇಲೆ ಅವರ ಸರದಿ: ಯಾಕೆ ತೆಗೆದೆ, ಯಾಕೆ ಹೀಗೆ ತೆಗೆದೆ, ಇನ್ನೊಮ್ಮೆ ತೆಗೆಯುವುದಾದರೆ ಏನು ಬದಲಿಸುತ್ತೀ?

ಅಮೆರಿಕದ ಶಾಲೆಗಳಲ್ಲಿ ಇದಕ್ಕೆ ‘ಕ್ರಿಟೀಕ್’ ಎಂದು ಹೆಸರು. ‘ಚೆನ್ನಾಗಿದೆ’, ‘ಇಷ್ಟವಾಯಿತು’ ಎಂಬ ಮಾತುಗಳಿಗೆ ಅಲ್ಲಿ ಬೆಲೆ ಕಡಿಮೆ. ಕಲಾಶಿಕ್ಷಣ ತಜ್ಞ ಎಡ್ಮಂಡ್ ಬರ್ಕ್ ಫೆಲ್ಡ್‌ಮನ್ ಹಾಕಿಕೊಟ್ಟ ಕ್ರಮವನ್ನು ಅಲ್ಲಿನ ಬಹಳಷ್ಟು ಶಿಕ್ಷಕರು ಅನುಸರಿಸುತ್ತಾರೆ. ಮೊದಲು ಕಣ್ಣಿಗೆ ಕಂಡದ್ದನ್ನು ಮಾತ್ರ ಹೇಳಬೇಕು. ಆಮೇಲೆ ಬೆಳಕು, ಗೆರೆ, ಆಕಾರ ಹೇಗೆ ಕೂಡಿಬಂದಿವೆ ಎಂದು ಬಿಡಿಸಬೇಕು. ಅರ್ಥದ ಮಾತು ಅದರ ನಂತರದ್ದು. ಒಳ್ಳೆಯದೋ ಅಲ್ಲವೋ ಎಂಬ ತೀರ್ಪು ಎಲ್ಲಕ್ಕಿಂತ ಕೊನೆಗೆ. ಹದಿನಾರರ ವಯಸ್ಸಿಗೆ ತೀರ್ಪನ್ನು ಅಷ್ಟು ಹೊತ್ತು ತಡೆದಿಟ್ಟುಕೊಳ್ಳುವುದೇ ದೊಡ್ಡ ಅಭ್ಯಾಸ.

ತನ್ನ ಫೋಟೊವನ್ನು ತಾನೇ ಪ್ರಶ್ನಿಸಿಕೊಳ್ಳುವ ಈ ಆತ್ಮಾವಲೋಕನವನ್ನೇ ಪರೀಕ್ಷೆಯನ್ನಾಗಿ ಮಾಡಿರುವ ವ್ಯವಸ್ಥೆಯೊಂದಿದೆ. ಎಸ್‌ಎಟಿ ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್ ಸಂಸ್ಥೆಯೇ ‘ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್’, ಅಂದರೆ ಎಪಿ ಕೋರ್ಸುಗಳನ್ನೂ ನಡೆಸುತ್ತದೆ. ಹೈಸ್ಕೂಲಿನಲ್ಲಿದ್ದಾಗಲೇ ಕಾಲೇಜು ಮಟ್ಟದ ಪಾಠ ಓದುವ ಅವಕಾಶವದು. ಒಳ್ಳೆಯ ಅಂಕ ಬಂದರೆ ಹಲವು ಕಾಲೇಜುಗಳು ಅದಕ್ಕೆ ಮಾನ್ಯತೆ ಕೊಡುತ್ತವೆ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಎಪಿ ಎಂದರೆ ಥಟ್ಟನೆ ನೆನಪಾಗುವುದು ಗಣಿತ, ಭೌತಶಾಸ್ತ್ರ. ಆದರೆ ಅದೇ ಪಟ್ಟಿಯಲ್ಲಿ ‘2-ಡಿ ಆರ್ಟ್ ಅಂಡ್ ಡಿಸೈನ್’ ಎಂಬ ವಿಷಯವೂ ಇದೆ. ಫೋಟೊಗ್ರಫಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ಆರಿಸಿಕೊಳ್ಳುವುದು ಅದನ್ನೇ. ಇದಕ್ಕೆ ಪ್ರಶ್ನೆಪತ್ರಿಕೆಯಿಲ್ಲ, ಪರೀಕ್ಷಾ ಕೊಠಡಿಯಿಲ್ಲ. ವರ್ಷವಿಡೀ ಮಾಡಿದ ಕೆಲಸದ ಸಂಪುಟವನ್ನು ಮೇ ತಿಂಗಳಲ್ಲಿ ಸಲ್ಲಿಸಬೇಕು.

2019–20ರಲ್ಲಿ ಈ ಸಂಪುಟದ ಸ್ವರೂಪವೇ ಬದಲಾಯಿತು. ಈಗ ಇದರಲ್ಲಿ ಎರಡು ಭಾಗ. ವಿದ್ಯಾರ್ಥಿಯ ಅತ್ಯುತ್ತಮ 5 ಕೃತಿಗಳಿಗೆ ಶೇ 40 ತೂಕ. ಉಳಿದ ಶೇ 60 ‘ಸಸ್ಟೇನ್ಡ್ ಇನ್ವೆಸ್ಟಿಗೇಷನ್’ ಎಂಬ ದೀರ್ಘ ಶೋಧಕ್ಕೆ. ಅದರಲ್ಲಿ 15 ಚಿತ್ರಗಳಿರುತ್ತವೆ, ಅವೆಲ್ಲವೂ ವಿದ್ಯಾರ್ಥಿ ತಾನೇ ಹಾಕಿಕೊಂಡ ಒಂದು ಪ್ರಶ್ನೆಯಿಂದ ಹುಟ್ಟಿರಬೇಕು. 15ಕ್ಕೆ 15 ಚೆಂದದ ಫೋಟೊಗಳೇ ಆಗಬೇಕೆಂದೇನಿಲ್ಲ. ಕರಡು, ಕಾಂಟ್ಯಾಕ್ಟ್ ಶೀಟ್, ಕೈಕೊಟ್ಟ ಪ್ರಯತ್ನ, ಎಲ್ಲಕ್ಕೂ ಅಲ್ಲಿ ಜಾಗವಿದೆ. ಅಭ್ಯಾಸ, ಪ್ರಯೋಗ, ಪರಿಷ್ಕರಣೆ ಈ ಮೂರೂ ಚಿತ್ರಗಳಲ್ಲಿ ಕಾಣಿಸಬೇಕು ಎನ್ನುವುದು ಮೌಲ್ಯಮಾಪಕರ ಮುಖ್ಯ ನಿರೀಕ್ಷೆ.

ಇದು ನಡೆಯುವ ಬಗೆ ತಿಳಿಯಲು ಒಂದು ಉದಾಹರಣೆ ಕಲ್ಪಿಸಿಕೊಳ್ಳಬಹುದು. ರಾತ್ರಿಪಾಳಿಯಲ್ಲಿ ದುಡಿಯುವ ಅಪ್ಪನನ್ನು ಹುಡುಗಿಯೊಬ್ಬಳು ವಿಷಯವಾಗಿ ಆರಿಸಿಕೊಂಡಿದ್ದಾಳೆ. ಒಂದೇ ಮನೆಯಲ್ಲಿದ್ದೂ ಎದುರಾಗದವರನ್ನು ಫೋಟೊದಲ್ಲಿ ತೋರಿಸುವುದು ಹೇಗೆ ಎಂಬುದು ಅವಳ ಪ್ರಶ್ನೆ. ಮೊದಲ ವಾರ ಹಗಲಲ್ಲಿ ಮಲಗಿದ ಅಪ್ಪನ ಮುಖವನ್ನು ತೆಗೆಯುತ್ತಾಳೆ. ಗೋಡೆಗೆ ಹಾಕಿ ನೋಡಿದಾಗ, ಗೊತ್ತಿಲ್ಲದಂತೆ ಇಣುಕಿ ನೋಡಿದ ಹಾಗಿದೆ ಎಂದು ಗೆಳತಿಯೊಬ್ಬಳು ಹೇಳುತ್ತಾಳೆ. ಆ ಮಾತು ನಾಟುತ್ತದೆ. ಮುಖ ಬಿಟ್ಟು ವಸ್ತುಗಳ ಕಡೆ ತಿರುಗುತ್ತಾಳೆ: ಬಾಗಿಲ ಬಳಿಯ ಬೂಟು, ಸಿಂಕಿನಲ್ಲಿ ತೊಳೆಯದೆ ಉಳಿದ ಟಿಫನ್ ಡಬ್ಬಿ, ದಪ್ಪ ಪರದೆಯ ಅಂಚಿನಿಂದ ಒಳಗೆ ನುಗ್ಗುವ ಮಧ್ಯಾಹ್ನದ ಬಿಸಿಲು. ಚಿತ್ರಗಳು ಚೆನ್ನಾಗಿವೆ, ಆದರೆ ಅಪ್ಪನೇ ಮಾಯ. ಮೂರನೆಯ ಹಂತದಲ್ಲಿ, ಅವನು ಮನೆಗೆ ಬರುವ ನಸುಕಿನ ಹೊತ್ತಿಗೆ, ಅಡುಗೆಮನೆಯಲ್ಲಿ ಟ್ರೈಪಾಡ್ ನಿಲ್ಲಿಸಿ ಶಟರನ್ನು 30 ಸೆಕೆಂಡು ತೆರೆದಿಡುತ್ತಾಳೆ. ಮೇಜು, ಕುರ್ಚಿ, ಗಡಿಯಾರ ಸ್ಪಷ್ಟ. ಅಡುಗೆಮನೆಯನ್ನು ಹಾದುಹೋದ ಅಪ್ಪ ಮಾತ್ರ ಮಸುಕು ಗೆರೆ. ಕುರ್ಚಿಯಲ್ಲಿ ಹತ್ತು ಸೆಕೆಂಡು ಕೂತಿದ್ದರೆ ಅಷ್ಟು ಮಟ್ಟಿಗೆ ಅವನ ಭುಜ, ತಲೆ ಮೂಡುತ್ತವೆ, ಹಿಂದಿನ ಗೋಡೆ ಅವನೊಳಗಿಂದಲೇ ಕಾಣುತ್ತದೆ.

ಅವಳ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಶಟರ್ ವೇಗದಲ್ಲಿ. ಅಲ್ಲಿಗೆ ತಲುಪಲು ಮೊದಲೆರಡು ಹಂತಗಳ ಚಿತ್ರಗಳೂ ಬೇಕಾಗಿದ್ದವು. ಅದಕ್ಕೇ ಅವು ಸಂಪುಟದಲ್ಲಿ ಉಳಿಯಬೇಕು.

ಚಿತ್ರಗಳ ಜೊತೆ ಬರವಣಿಗೆಯೂ ಉಂಟು. ಯಾವ ಪ್ರಶ್ನೆ ನಿನ್ನನ್ನು ನಡೆಸಿತು? ಅದರ ಬೆನ್ನು ಹತ್ತಿ ಏನೇನು ಪ್ರಯೋಗ ಮಾಡಿದೆ, ಏನನ್ನು ತಿದ್ದಿದೆ? ಈ ಎರಡಕ್ಕೆ ತಲಾ 600 ಅಕ್ಷರಗಳ ಮಿತಿಯಲ್ಲಿ ಉತ್ತರಿಸಬೇಕು, ಪದಗಳ ನಡುವಿನ ಖಾಲಿ ಜಾಗವೂ ಲೆಕ್ಕಕ್ಕೆ ಬರುತ್ತದೆ. ಇಂಗ್ಲಿಷಿನಲ್ಲಿ ಸುಮಾರು ನೂರು ಪದ. ಮಕ್ಕಳು ಸೋಲುವುದು ಹೆಚ್ಚಾಗಿ ಇಲ್ಲೇ. ನೆನಪುಗಳ ಸೌಂದರ್ಯವನ್ನು ಸೆರೆಹಿಡಿಯಲು ಬಯಸಿದೆ ಎಂದು ಬರೆದರೆ ಇದ್ದ ಜಾಗ ವ್ಯರ್ಥವಾಗಿರುತ್ತದೆ, ಓದಿದವರಿಗೆ ಏನೂ ತಿಳಿದಿರುವುದಿಲ್ಲ. ಮಲಗಿದ ಮುಖ ಬಿಟ್ಟೆ, ಏಕೆಂದರೆ ಅದರಲ್ಲಿ ಅಪ್ಪನ ಒಪ್ಪಿಗೆ ಇರಲಿಲ್ಲ ಎಂದು ಬರೆದರೆ ಒಂದೇ ವಾಕ್ಯದಲ್ಲಿ ಕಾರಣವೂ ಇದೆ, ನಿರ್ಧಾರವೂ ಇದೆ. ಹೀಗೆ ಬರೆಯಲು ಭಾಷೆಯ ಬೆಡಗು ಬೇಕಿಲ್ಲ. ಕೆಲಸ ಮಾಡುವಾಗ ಎಚ್ಚರ ಇದ್ದಿರಬೇಕು, ಅಷ್ಟೆ.

ಕೃತಕ ಬುದ್ಧಿಮತ್ತೆಯ ಉಪಕರಣಗಳನ್ನು ಸೃಜನ ಪ್ರಕ್ರಿಯೆಯ ಯಾವ ಹಂತದಲ್ಲೂ ಬಳಸಕೂಡದೆಂದು ಕಾಲೇಜ್ ಬೋರ್ಡ್ ನಿಷೇಧಿಸಿದೆ. ಹಾದಿಗೇ ಅಂಕ ಕೊಡುವ ಪರೀಕ್ಷೆಯಲ್ಲಿ ಹಾದಿಯನ್ನು ಯಂತ್ರಕ್ಕೆ ವಹಿಸಿದರೆ ಅಳೆಯಲು ಏನು ಉಳಿಯುತ್ತದೆ?

ಇಂಗ್ಲೆಂಡಿನಲ್ಲಿ 16ರ ವಯಸ್ಸಿನ ಮಕ್ಕಳು ಬರೆಯುವ ಜಿಸಿಎಸ್‌ಇಯಲ್ಲೂ ಫೋಟೊಗ್ರಫಿ ಒಂದು ವಿಷಯ. ಅಲ್ಲಿ ಶೇ 60 ಸಂಪುಟಕ್ಕೆ. ಉಳಿದ ಶೇ 40 ಪರೀಕ್ಷಾ ಮಂಡಳಿ ಕೊಟ್ಟ ವಿಷಯದ ಮೇಲಿನ ಕೆಲಸಕ್ಕೆ, ಅದರ ಕೊನೆಗೆ ಮೇಲ್ವಿಚಾರಣೆಯಲ್ಲಿ 10 ಗಂಟೆಗಳ ಅಭ್ಯಾಸ.

ಆದರೆ ಮಕ್ಕಳು ತಮ್ಮ ಫೋಟೊದ ಬಗ್ಗೆ ತಾವೇ ಮಾತಾಡಬೇಕು ಎಂಬ ವಿಚಾರಕ್ಕೆ ಪರೀಕ್ಷಾ ಮಂಡಳಿಗಳಿಗಿಂತ ಹಳೆಯ, ಹೆಚ್ಚು ತೀವ್ರವಾದ ಒಂದು ಚರಿತ್ರೆಯಿದೆ. ಅದು ನಡೆದದ್ದು ಕೆಂಟಕಿ ರಾಜ್ಯದ ಪೂರ್ವದಲ್ಲಿರುವ ಲೆಚರ್ ಕೌಂಟಿಯಲ್ಲಿ. ಕಲ್ಲಿದ್ದಲು ಗಣಿಗಳ ಗುಡ್ಡಗಾಡು ಅದು. 1960ರ ದಶಕದಲ್ಲಿ ಅಲ್ಲಿನ ಬಡತನವನ್ನು ಚಿತ್ರಿಸಲು ಹೊರಗಿನ ಕ್ಯಾಮೆರಾಗಳು ಸಾಲುಗಟ್ಟಿ ಬಂದವು. ತಮ್ಮ ಹರಕು ಬಟ್ಟೆ, ಮುರುಕು ಮನೆ ಮಾತ್ರ ದೇಶಕ್ಕೆಲ್ಲ ಕಾಣುತ್ತಿದೆ ಎಂಬ ಸಿಟ್ಟು ಊರಿನಲ್ಲಿ ಬೆಳೆಯುತ್ತಿತ್ತು. 1967ರಲ್ಲಿ ಕೆನಡಾದ ಚಿತ್ರನಿರ್ಮಾಪಕ ಹ್ಯೂ ಓ’ಕಾನರ್ ಅಲ್ಲಿ ಬಾಡಿಗೆದಾರನೊಬ್ಬನನ್ನು ಚಿತ್ರೀಕರಿಸುತ್ತಿದ್ದಾಗ ಆ ಜಾಗದ ಮಾಲೀಕ ಗುಂಡು ಹೊಡೆದು ಅವರನ್ನು ಕೊಂದ.

ಅದೇ ಕೌಂಟಿಗೆ 1970ರ ದಶಕದ ನಡುವೆ ವೆಂಡಿ ಎವಾಲ್ಡ್ ಎಂಬ ಯುವ ಛಾಯಾಗ್ರಾಹಕಿ ಬಂದರು. ಊರನ್ನು ತಾವು ಚಿತ್ರಿಸುವುದಕ್ಕಿಂತ ಮಕ್ಕಳ ಕೈಗೇ ಕ್ಯಾಮೆರಾ ಕೊಡುವುದು ಸರಿ ಎಂದು ಅವರಿಗೆ ಅನಿಸಿತು. ಸಣ್ಣ ಹಳ್ಳಿ ಶಾಲೆಗಳ ಆ ಮಕ್ಕಳು ಹೈಸ್ಕೂಲಿಗಿಂತ ಚಿಕ್ಕವರು. ಆದರೂ ಸಾದಾ ಇನ್‌ಸ್ಟಮ್ಯಾಟಿಕ್ ಕ್ಯಾಮೆರಾದಲ್ಲಿ ಫೋಟೊ ತೆಗೆದು, ಡಾರ್ಕ್‌ರೂಮಿನಲ್ಲಿ ತಾವೇ ಪ್ರಿಂಟು ಹಾಕುತ್ತಿದ್ದರು. ತಾನು, ಮನೆಯವರು, ಪ್ರಾಣಿಗಳು, ಕನಸುಗಳು, ಇವೇ ವಿಷಯಗಳು. ಕನಸಿನ ಪಾಠದಲ್ಲಿ ಹುಡುಗನೊಬ್ಬ, ತಾನು ಆಪ್ತ ಗೆಳೆಯನನ್ನು ಕೊಂದಂತೆ ಬಿದ್ದ ಕನಸನ್ನು ಆರಿಸಿಕೊಂಡ. ಗೆಳೆಯನನ್ನೇ ಮರದ ಕವಲಿಗೆ ಒರಗಿಸಿ ಫೋಟೊ ತೆಗೆದ. ಎವಾಲ್ಡ್ ಮಕ್ಕಳಿಂದ ಬರೆಸಿದರು, ಅವರ ಮಾತುಗಳನ್ನು ದಾಖಲಿಸಿಕೊಂಡರು. 1985ರಲ್ಲಿ ಪ್ರಕಟವಾದ ‘ಪೋರ್ಟ್ರೇಟ್ಸ್ ಅಂಡ್ ಡ್ರೀಮ್ಸ್’ ಪುಸ್ತಕದಲ್ಲಿ ಚಿತ್ರಗಳಷ್ಟೇ ಆ ಮಾತುಗಳಿಗೂ ಸ್ಥಾನವಿದೆ. ಹೊರಗಿನವರು ಬಡತನ ಕಂಡಲ್ಲಿ ಈ ಮಕ್ಕಳು ಅಜ್ಜ, ಹಂದಿ, ಭಯ, ತಮಾಷೆ ಕಂಡರು.

ಎವಾಲ್ಡ್ ಆಮೇಲೆ ಭಾರತಕ್ಕೂ ಬಂದರು. ಗುಜರಾತಿನ ಹಳ್ಳಿಯೊಂದರ ಮಕ್ಕಳೊಂದಿಗೆ ಮಾಡಿದ ಕೆಲಸ 1996ರಲ್ಲಿ ಪುಸ್ತಕವಾಯಿತು. ಉತ್ತರ ಕೆರೊಲಿನಾದ ಡರ್ಹ್ಯಾಮ್‌ನಲ್ಲಿ, ಡ್ಯೂಕ್ ವಿಶ್ವವಿದ್ಯಾಲಯದ ಆಶ್ರಯದಲ್ಲಿ ‘ಲಿಟರಸಿ ಥ್ರೂ ಫೋಟೊಗ್ರಫಿ’ ಎಂಬ ಅವರ ಕಾರ್ಯಕ್ರಮ ಬೆಳೆದು ಸರ್ಕಾರಿ ಶಾಲೆಗಳ ತರಗತಿಗೆ ಹೋಯಿತು. ಬರೆಯಲು ಹಿಂಜರಿಯುವ ಮಗುವೂ ತಾನೇ ತೆಗೆದ ಫೋಟೊ ಎದುರಿಗಿದ್ದರೆ ಬರೆಯಲು ಮುಂದಾಗುತ್ತದೆ ಎಂಬುದು ಅದರ ತಳಹದಿ. 2020ರಲ್ಲಿ ಎವಾಲ್ಡ್, ಚಿತ್ರನಿರ್ದೇಶಕಿ ಎಲಿಜಬೆತ್ ಬ್ಯಾರೆಟ್ ಜೊತೆಗೂಡಿ, ಕೆಂಟಕಿಯ ತಮ್ಮ ಹಳೆಯ ವಿದ್ಯಾರ್ಥಿಗಳನ್ನು ಮತ್ತೆ ಭೇಟಿಯಾಗಿ ಸಾಕ್ಷ್ಯಚಿತ್ರ ಮಾಡಿದರು. ಓ’ಕಾನರ್ ಹತ್ಯೆಯ ಬಗ್ಗೆ 2000ದಲ್ಲಿ ‘ಸ್ಟ್ರೇಂಜರ್ ವಿತ್ ಎ ಕ್ಯಾಮೆರಾ’ ತೆಗೆದವರೂ ಇದೇ ಬ್ಯಾರೆಟ್.

ಕರ್ನಾಟಕಕ್ಕೂ ಫೋಟೊಗ್ರಫಿಯ ಗಟ್ಟಿ ಪರಂಪರೆಯಿದೆ. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರಂಥ ವನ್ಯಜೀವಿ ಛಾಯಾಗ್ರಾಹಕರ ನಾಡಿದು. 1971ರಲ್ಲಿ ಶುರುವಾದ ಬೆಂಗಳೂರಿನ ಯೂತ್ ಫೋಟೊಗ್ರಾಫಿಕ್ ಸೊಸೈಟಿಯಂಥ ಕ್ಲಬ್ಬುಗಳಲ್ಲಿ ಎಷ್ಟೋ ಮಂದಿ ಪಳಗಿದ್ದಾರೆ. ಆದರೆ ಕ್ಲಬ್ಬುಗಳ ಸಲೋನ್ ಸ್ಪರ್ಧೆಯಲ್ಲಿ ತೀರ್ಪುಗಾರರ ಮುಂದೆ ಬರುವುದು ಮುಗಿದ ಚಿತ್ರ ಮಾತ್ರ. ಬಿಟ್ಟ ಚಿತ್ರಗಳು ಅವರ ಕಣ್ಣಿಗೆ ಬೀಳುವುದಿಲ್ಲ, ತೆಗೆದವರು ವಿವರಿಸಬೇಕಾಗಿಯೂ ಇಲ್ಲ. ಸ್ಪರ್ಧೆಗೆ ಅದು ಸರಿ, ಕಲಿಯುವ ಮಕ್ಕಳಿಗೆ ಸಾಲದು.

ನಮ್ಮ ಪ್ರೌಢಶಾಲೆಗಳಿಗೆ ಎಪಿ ಬೇಕಿಲ್ಲ, ಡಾರ್ಕ್‌ರೂಮೂ ಬೇಕಿಲ್ಲ. ಅನೇಕ ಶಾಲೆಗಳಲ್ಲಿ ಗೋಡೆಪತ್ರಿಕೆ ಇದೆ, ಚಿತ್ರಕಲಾ ಶಿಕ್ಷಕರಿದ್ದಾರೆ, ಬಹುತೇಕ ಮನೆಗಳಲ್ಲಿ ಒಂದು ಮೊಬೈಲಾದರೂ ಇದೆ. ಒಂಬತ್ತನೆಯ ತರಗತಿಯ ಮಕ್ಕಳು ತಿಂಗಳಿಗೊಂದು ವಿಷಯ ಹಿಡಿದು ತಲಾ ಎರಡು ಫೋಟೊ ಹಾಕಬಹುದು: ಆರಿಸಿಕೊಂಡದ್ದೊಂದು, ಕೈಬಿಟ್ಟದ್ದೊಂದು. ಎರಡರ ಕೆಳಗೂ ಕಾರಣವನ್ನು ಕನ್ನಡದಲ್ಲಿ ನಾಲ್ಕು ಸಾಲಿನಲ್ಲಿ ಬರೆಯಲಿ. ಶನಿವಾರದ ಕೊನೆಯ ಪಿರಿಯಡ್‌ನಲ್ಲಿ ಗೋಡೆಪತ್ರಿಕೆಯ ಮುಂದೆ ನಿಂತು ತರಗತಿ ಮಾತಾಡಿಕೊಳ್ಳಲಿ.