ಗಂಡಭೇರುಂಡ ಬಿಟ್ಟು ಆನೆ ಹಿಡಿದ್ವಿ: ಲಾಂಛನದ ಅರ್ಜಿ ‘ಆಬ್ಜೆಕ್ಟೆಡ್’ ಆದಾಗ ಏನು ಮಾಡ್ಬೇಕು?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ನಿಂತಿದೀರೋ, ಪೀಣ್ಯ ಕಡೆ ಮೆಟ್ರೋದಲ್ಲಿ ನೇತಾಡ್ತಾ ಇದೀರೋ, ಹೇಗೂ ಟೈಮ್ ಇದೆ. ಇವತ್ತು ನಮ್ಮದೇ ಗುಂಪಿನ ಒಂದು ಪೇಚಾಟ ಹೇಳ್ತೀನಿ. ಲೋಗೋ, ಲಾಂಛನ, ಟ್ರೇಡ್‌ಮಾರ್ಕ್ ಅಂತ ನೀವೂ ಓಡಾಡ್ತಾ ಇದ್ರೆ ಇದರಲ್ಲಿ ಒಂದಷ್ಟು ದುಡ್ಡು ಉಳಿಯುತ್ತೆ.

ನಾವೊಂದು ಇಪ್ಪತ್ತು ಜನ. ಅರ್ಧ ಎಲೆಕ್ಟ್ರಾನಿಕ್ ಸಿಟಿ ಸಾಫ್ಟ್‌ವೇರ್ ಕಡೆಯೋರು, ಉಳಿದ ಅರ್ಧ ಬೊಮ್ಮಸಂದ್ರ, ಪೀಣ್ಯ ಫ್ಯಾಕ್ಟರಿಗಳಲ್ಲಿ ಕೆಲಸ ಮಾಡೋರು. ವರ್ಷಕ್ಕೆ ಒಂದಷ್ಟು ಸಲ, ಅದರಲ್ಲೂ ನವೆಂಬರ್‌ನಲ್ಲಿ, ಗುರಾಣಿ ಕತ್ತಿ ಹಿಡ್ಕೊಂಡು ‘ಬೆಂಗಳೂರು ಕಾಳಗ’ ಆಡ್ತೀವಿ. ಕಂಪನಿಗಳ ಕನ್ನಡ ಸಂಘದ ಕಾರ್ಯಕ್ರಮ, ಅಪಾರ್ಟ್‌ಮೆಂಟ್ ರಾಜ್ಯೋತ್ಸವ, ಕರೆದಲ್ಲಿಗೆ ಹೋಗ್ತೀವಿ. ಬೆಂಗಳೂರು ಕಾಳಗ ಕಟ್ಟುಕಥೆ ಅಲ್ಲ. ಎಲೆಕ್ಟ್ರಾನಿಕ್ ಸಿಟಿಗೆ ಹತ್ತಿರವೇ ಇರೋ ಬೇಗೂರಿನ ದೇವಸ್ಥಾನದ ಆವರಣದಲ್ಲಿ ಸುಮಾರು ಕ್ರಿ.ಶ. 900ರ, ಗಂಗರ ಕಾಲದ ಕಲ್ಲಿದೆ. ಅದರಲ್ಲಿ ಬೆಂಗಳೂರು ಕಾಳಗದಲ್ಲಿ ವೀರನೊಬ್ಬ ಸತ್ತ ಅಂತ ಬರೆದಿದೆ. ಹೊಯ್ಸಳ ರಾಜನಿಗೆ ಅಜ್ಜಿ ಬೆಂದಕಾಳು ಕೊಟ್ಟಳು, ಅದಕ್ಕೆ ಬೆಂದಕಾಳೂರು ಅನ್ನೋ ಕಥೆ ಎಲ್ಲರಿಗೂ ಗೊತ್ತು. ಆ ರಾಜ ಹುಟ್ಟೋಕೆ ಮುಂಚೆನೇ ಊರಿಗೆ ಹೆಸರಿತ್ತು ಅನ್ನೋದು ಅರ್ಧ ಜನಕ್ಕೆ ಗೊತ್ತಿಲ್ಲ. ನಾವು ಶುರು ಮಾಡಿದ್ದೇ ಆ ಕಲ್ಲು ನೋಡಿ.

ಗುರಾಣಿ ಮೇಲೆ ಹಾಕೋಕೆ ಒಂದು ಲಾಂಛನ ಬೇಕಿತ್ತು. ಪೀಣ್ಯದ ಶೀಟ್ ಮೆಟಲ್ ಯೂನಿಟ್‌ನಲ್ಲಿ ಕೆಲಸ ಮಾಡೋ ನಮ್ಮ ಅಣ್ಣ ಒಬ್ಬರು ರಾತ್ರಿ ಪಾಳಿ ಮುಗಿಸಿ ಬಂದು ಒಂದು ಗಂಡಭೇರುಂಡ ಬರೆದುಕೊಟ್ರು, ಕೆಳಗೆ ನಮ್ಮ ಹೆಸರು. ಎಲ್ರಿಗೂ ಖುಷಿ. ಒಂದೆರಡು ವರ್ಷ ಆದ್ಮೇಲೆ ಯಾರೋ ಪುಣ್ಯಾತ್ಮರು ಅದೇ ಚಿತ್ರ, ಅದೇ ಹೆಸರು ಟಿ-ಶರ್ಟ್ ಮೇಲೆ ಅಚ್ಚು ಹಾಕಿ ಆನ್‌ಲೈನ್‌ನಲ್ಲಿ ಮಾರೋಕೆ ಶುರು ಮಾಡಿದ್ರು. ಕೇಳಿದ್ರೆ, “ನಿಮ್ಮ ಹತ್ರ ರಿಜಿಸ್ಟ್ರೇಷನ್ ಇದ್ಯಾ?” ಅಂದ್ರು. ಅಣ್ಣ ಏನೂ ಮಾತಾಡ್ಲಿಲ್ಲ. ಅವತ್ತೇ ತೀರ್ಮಾನ ಮಾಡಿದ್ವಿ, ನೋಂದಣಿ ಮಾಡಿಸ್ಲೇಬೇಕು.

ಹೊರದೇಶದಲ್ಲಿ ಇದಕ್ಕೊಂದು ವ್ಯವಸ್ಥೆನೇ ಇದೆ. ಇಂಗ್ಲೆಂಡ್‌ನಲ್ಲಿ ಲಾಂಛನ ಕೊಡೋಕೆ ಅಂತ್ಲೇ ‘ಕಾಲೇಜ್ ಆಫ್ ಆರ್ಮ್ಸ್’ ಅನ್ನೋ ಸಂಸ್ಥೆ 1484ರಿಂದ ಇದೆ. ಅಮೆರಿಕದಲ್ಲಿ ನಮ್ಮ ಥರಾನೇ ಹಳೇ ಕಾಲದ ವೇಷ ಹಾಕಿ ಕಾಳಗ ಆಡೋರ ದೊಡ್ಡ ಸಂಘ ಇದೆ, ‘ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರನಿಸಂ’ ಅಂತ. 1966ರಲ್ಲಿ ಬರ್ಕ್ಲಿಯಲ್ಲಿ ಶುರುವಾಗಿದ್ದು. ಅಲ್ಲಿ ಸದಸ್ಯರು ಹೆಸರು, ಗುರಾಣಿ ಚಿತ್ರ ಎರಡನ್ನೂ ಅರ್ಜಿ ಹಾಕಿ ನೋಂದಣಿ ಮಾಡಿಸ್ಕೋಬಹುದು. ಆ ಕಾಲಕ್ಕೆ ಅಂಥ ಹೆಸರು ಇತ್ತಾ ಅನ್ನೋಕೆ ಪುರಾವೆ ಕೊಡ್ಬೇಕು, ಇನ್ನೊಬ್ಬರದಕ್ಕೆ ಹೋಲಿದ್ರೆ ಅರ್ಜಿ ವಾಪಸ್. ನಮ್ಮಲ್ಲಿ ಅಂಥ ಕಚೇರಿ ಇಲ್ಲ. ನಮಗೆ ಇರೋದು ಟ್ರೇಡ್‌ಮಾರ್ಕ್ಸ್ ರಿಜಿಸ್ಟ್ರಿ. ದೇಶದಲ್ಲಿ ಅದರ ಐದು ಕಚೇರಿ ಇವೆ, ಕರ್ನಾಟಕದ ಅರ್ಜಿಗಳು ಚೆನ್ನೈಗೆ ಹೋಗುತ್ತೆ. ಆನ್‌ಲೈನ್‌ನಲ್ಲೇ ಹಾಕೋದ್ರಿಂದ ಬಸ್ ಹತ್ತೋ ಕಷ್ಟ ಇಲ್ಲ.

ಪರಿಚಯದ ಏಜೆಂಟ್ ಒಬ್ಬರಿಗೆ ಕೊಟ್ವಿ. ಫಾರಂ ಹೆಸರು ಟಿಎಂ-ಎ. ಇ-ಫೈಲಿಂಗ್‌ನಲ್ಲಿ ಒಬ್ಬ ವ್ಯಕ್ತಿ, ಸ್ಟಾರ್ಟಪ್ ಅಥವಾ ಸಣ್ಣ ಉದ್ದಿಮೆ ಆದ್ರೆ ಒಂದು ವರ್ಗಕ್ಕೆ 4,500 ರೂಪಾಯಿ, ಬೇರೆಯವರಿಗೆ 9,000. ನಾವು ಜಾಣರು! ಅರ್ಧ ದುಡ್ಡು ಉಳಿಯುತ್ತೆ ಅಂತ ಗುಂಪಿನ ಒಬ್ಬ ಗೆಳೆಯನ ಹೆಸರಲ್ಲಿ ಹಾಕಿಸಿದ್ವಿ. ಈ ಜಾಣತನದ ಬಿಲ್ ಆಮೇಲೆ ಬಂತು.

ಮೊದಲ ಪೆಟ್ಟು ‘ಫಾರ್ಮಾಲಿಟಿ ಚೆಕ್ ಫೇಲ್’. ಸೈಟ್‌ನಲ್ಲಿ ಅರ್ಜಿ ಸಂಖ್ಯೆ ಹಾಕಿದ್ರೆ ಈ ಪದ ಕಾಣುತ್ತೆ, ಎದೆ ಧಸಕ್ ಅನ್ನುತ್ತೆ. ಗಾಬರಿ ಬೇಡ. ಲಾಂಛನ ಸರಿ ಇಲ್ಲ ಅಂತ ಇದರರ್ಥ ಅಲ್ಲ, ಕಾಗದ ಸರಿ ಇಲ್ಲ ಅಂತ ಅಷ್ಟೇ. ನಮ್ಮದರಲ್ಲಿ ಮೂರು ಕಾಗದ ಕೈಕೊಟ್ಟಿತ್ತು.

ಒಂದು, ಏಜೆಂಟ್ ನಮ್ಮ ಪರವಾಗಿ ಸಹಿ ಹಾಕೋಕೆ ಬೇಕಾದ ಅಧಿಕಾರ ಪತ್ರ, ಟಿಎಂ-48. ಅಪ್‌ಲೋಡ್ ಆಗಿದ್ದು ಖಾಲಿ ಪುಟ. ಅದನ್ನ ಸರಿ ಮಾಡೋದು ಸುಲಭ.

ಎರಡನೇದು ಬಳಕೆಯ ದಿನಾಂಕ. ಅರ್ಜಿಯಲ್ಲಿ “ಇನ್ನು ಮುಂದೆ ಬಳಸ್ತೀವಿ” ಅಥವಾ “ಇಂಥ ದಿನದಿಂದ ಬಳಸ್ತಾ ಇದೀವಿ” ಅಂತ ಹೇಳ್ಬೇಕು. ನಾವು ಧೈರ್ಯವಾಗಿ ನಮ್ಮ ಮೊದಲ ಪ್ರದರ್ಶನದ ದಿನ ಹಾಕಿದ್ವಿ. ಹಾಗೆ ಹಳೇ ಬಳಕೆ ಹೇಳಿಕೊಂಡ್ರೆ 2017ರ ನಿಯಮಗಳ ಪ್ರಕಾರ ಅಫಿಡವಿಟ್ ಮತ್ತು ಪುರಾವೆ ಕೊಡ್ಲೇಬೇಕು. ಪುರಾವೆ ಎಲ್ಲಿದೆ? ಹಳೇ ಫೋನ್‌ನಲ್ಲಿ. ಆ ಫೋನ್ ಎಲ್ಲಿದೆ? ಮಾರಿಯಾಗಿದೆ. ಕೊನೆಗೆ ಅಪಾರ್ಟ್‌ಮೆಂಟ್ ಸಂಘ ಒಂದು ಕಳಿಸಿದ್ದ ಆಹ್ವಾನದ ಇಮೇಲ್, ಬ್ಯಾನರ್ ಅಂಗಡಿಯ ಬಿಲ್ಲು ಸಿಕ್ಕಿದ್ವು. ಬ್ಯಾನರ್ ಬಿಲ್ಲು ಬಂಗಾರ ಅನ್ನೋದು ಅವತ್ತು ಗೊತ್ತಾಯ್ತು. ದಿನಾಂಕ ಇರೋ ಪ್ರತಿ ಚೀಟಿನೂ ಇಟ್ಕೊಳ್ಳಿ.

ದಿನಾಂಕ ಎಷ್ಟು ದೊಡ್ಡ ವಿಷಯ ಅನ್ನೋಕೆ ಕೆಎಸ್‌ಆರ್‌ಟಿಸಿ ಕೇಸ್ ನೋಡಿ. ನಮ್ಮ ನಿಗಮ ಹೇಳೋ ಪ್ರಕಾರ ಆ ಹೆಸರಿಗೂ ಗಂಡಭೇರುಂಡದ ಚಿತ್ರಕ್ಕೂ 2013ರಲ್ಲಿ ಅರ್ಜಿ ಹಾಕಿ, 1973ರ ನವೆಂಬರ್ 1ರಿಂದ ಬಳಕೆ ಅಂತ ನೋಂದಣಿ ಮಾಡಿಸ್ಕೊಂಡಿತ್ತು. ಅವತ್ತೇ ತಾನೇ ಮೈಸೂರು ರಾಜ್ಯ ‘ಕರ್ನಾಟಕ’ ಆಗಿದ್ದು. ಕೇರಳದವರು ನಾವು 1965ರಿಂದ ಬಳಸ್ತಿದೀವಿ ಅಂತ ತಕರಾರು ಎತ್ತಿದ್ರು. 2021ರಲ್ಲಿ ಹೆಸರು ಕೇರಳದ ಪಾಲಾಯ್ತು ಅಂತ ಸುದ್ದಿ ಹಬ್ಬಿ ವಾಟ್ಸಾಪ್‌ನಲ್ಲಿ ಯುದ್ಧನೇ ಆಯ್ತು. ಕೊನೆಗೆ 2023ರ ಡಿಸೆಂಬರ್‌ನಲ್ಲಿ ಮದ್ರಾಸ್ ಹೈಕೋರ್ಟ್ ಕೇರಳದ ಅರ್ಜಿ ವಜಾ ಮಾಡ್ತು. ಐದಕ್ಷರದ ಹೆಸರಿಗೆ ಎರಡು ರಾಜ್ಯ ಇಷ್ಟು ವರ್ಷ ಬಡಿದಾಡಿದ್ವು.

ಮೂರನೇ ತಪ್ಪು ನಮಗೆ, ಅಂದ್ರೆ ಕನ್ನಡದಲ್ಲಿ ಹೆಸರಿಡೋರಿಗೆ, ಸ್ಪೆಷಲ್. ಲಾಂಛನದಲ್ಲಿ ಹಿಂದಿ, ಇಂಗ್ಲಿಷ್ ಬಿಟ್ಟು ಬೇರೆ ಲಿಪಿಯ ಪದ ಇದ್ರೆ ಅದರ ಉಚ್ಚಾರಣೆ ಮತ್ತು ಅರ್ಥ ಎರಡನ್ನೂ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಬರೆದುಕೊಡ್ಬೇಕು, ಯಾವ ಭಾಷೆ ಅಂತಾನೂ ಹೇಳ್ಬೇಕು. ನಮ್ಮ ಹೆಸರಲ್ಲಿ ‘ಕಲಿ’ ಅನ್ನೋ ಪದ ಇದೆ. ಶೂರ ಅಂತ. ಏಜೆಂಟ್ ಇಂಗ್ಲಿಷ್‌ನಲ್ಲಿ ಕೆ-ಎ-ಎಲ್-ಐ ಅಂತ ಹಾಕಿ ಅರ್ಥದ ಜಾಗ ಖಾಲಿ ಬಿಟ್ಟಿದ್ರು. ಓದೋರಿಗೆ ಅದು ಕಾಳಿ ಮಾತೆ! ಧಾರ್ಮಿಕ ಭಾವನೆಗೆ ಧಕ್ಕೆ ತರೋ ಗುರುತುಗಳನ್ನ ನೋಂದಾಯಿಸಬಾರದು ಅಂತ ಟ್ರೇಡ್‌ಮಾರ್ಕ್ ಕಾಯ್ದೆಯಲ್ಲೇ ಇದೆ, ಕತ್ತಿ ಹಿಡಿದ ಗುಂಪಿನ ಹೆಸರಲ್ಲಿ ದೇವಿ ಕಂಡ್ರೆ ಪರೀಕ್ಷಕರು ಹುಬ್ಬೇರಿಸೋದು ಸಹಜ. ಗೂಗಲ್ ಅನುವಾದ ನೋಡೋಣ ಅಂತ ಗುಂಪಿನ ಹುಡುಗಿ ಒಬ್ಬಳು ಹಾಕಿದ್ರೆ, ಪಾಠ ಕಲಿ ಅನ್ನೋ ಅರ್ಥ ಬಂತು. ಅದೂ ತಪ್ಪಲ್ಲ ಬಿಡಿ. ಕೊನೆಗೆ “ಕನ್ನಡ ಪದ, ಅರ್ಥ: ಶೂರ, ವೀರ” ಅಂತ ಬರೆದು, ನಿಘಂಟಿನ ಪುಟದ ಪ್ರತಿ ಕೂಡ ಇಟ್ವಿ. ಇಂಥ ಸಣ್ಣ ತಿದ್ದುಪಡಿಗೆ ಟಿಎಂ-ಎಂ ಅನ್ನೋ ಫಾರಂ ಇದೆ, ಇ-ಫೈಲಿಂಗ್‌ಗೆ 900 ರೂಪಾಯಿ.

ಸರಿ ಹೋಯ್ತು ಅಂದ್ಕೊಂಡ್ವಿ. ಸ್ವಲ್ಪ ತಿಂಗಳಾದ್ಮೇಲೆ ಸ್ಟೇಟಸ್ ‘ಆಬ್ಜೆಕ್ಟೆಡ್’. ಇಲ್ಲಿ ತುಂಬ ಜನ ಎಡವೋ ಒಂದು ಮಾತು. ‘ಆಬ್ಜೆಕ್ಟೆಡ್’ ಅಂದ್ರೆ ಪರೀಕ್ಷಕರ ಆಕ್ಷೇಪ. ‘ಅಪೋಸ್ಡ್’ ಅಂದ್ರೆ ಹೊರಗಿನ ಯಾರೋ ತಕರಾರು ಹಾಕಿದಾರೆ ಅಂತ. ಎರಡೂ ಬೇರೆ ಬೇರೆ. ಆಕ್ಷೇಪ ಬಂದ್ರೆ ಪರೀಕ್ಷಾ ವರದಿ ಕೈಸೇರಿದ 30 ದಿನದೊಳಗೆ ಉತ್ತರ ಕೊಡ್ಬೇಕು, ಇಲ್ಲಾಂದ್ರೆ ಅರ್ಜಿ ಕೈಬಿಟ್ಟ ಹಾಗೆ. ವರದಿ ಹೋಗಿದ್ದು ಏಜೆಂಟ್ ಇಮೇಲ್‌ಗೆ. ನಮ್ಮ ಇಮೇಲ್ ಅರ್ಜಿಯಲ್ಲೇ ಇರ್ಲಿಲ್ಲ. ನಾನು ಸುಮ್ನೆ ಬಸ್‌ನಲ್ಲಿ ಕೂತು ಸ್ಟೇಟಸ್ ನೋಡ್ದಾಗ ಆರು ದಿನ ಉಳಿದಿತ್ತು. ತಿಂಗಳಿಗೆ ಎರಡು ಸಲ ನೀವೇ ನೋಡಿ, ಯಾರನ್ನೂ ನಂಬ್ಕೊಂಡು ಕೂರ್ಬೇಡಿ.

ಆಕ್ಷೇಪ ಏನು? ಗಂಡಭೇರುಂಡ. 1950ರ ಒಂದು ಕಾಯ್ದೆ ಇದೆ, ಲಾಂಛನ ಮತ್ತು ಹೆಸರುಗಳ ದುರ್ಬಳಕೆ ತಡೆಯೋಕೆ. ಅದರ ಪಟ್ಟಿಯಲ್ಲಿ ಕೇಂದ್ರ ಹಾಗೂ ಯಾವುದೇ ರಾಜ್ಯ ಸರ್ಕಾರದ ಹೆಸರು, ಲಾಂಛನ, ಮುದ್ರೆ ಸೇರಿವೆ. ಅವನ್ನಷ್ಟೇ ಅಲ್ಲ, ಅವನ್ನ ಹೋಲೋ ನಕಲನ್ನೂ ಬಳಸೋ ಹಾಗಿಲ್ಲ, ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸೋ ಹಾಗೂ ಇಲ್ಲ. ಮೇಲಾಗಿ ರಾಜ್ಯ ಲಾಂಛನದ ತಲೆ ಮೇಲೆ ಸಾರನಾಥದ ಸಿಂಹಗಳಿವೆ, ಅದಕ್ಕೆ 2005ರ ಇನ್ನೊಂದು ಕಾಯ್ದೆ.

“ಗಂಡಭೇರುಂಡ ಏನು ಸರ್ಕಾರದ ಸ್ವಂತ ಆಸ್ತಿನಾ ಗುರು?” ಅಂತ ನಮ್ಮ ಗುಂಪಲ್ಲಿ ದೊಡ್ಡ ಗಲಾಟೆ. ನಿಜ, ಅದು ಹಳೇದು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಹನ್ನೊಂದನೇ ಶತಮಾನದ ಗಂಡಭೇರುಂಡ ಸ್ತಂಭ ಇದೆ. ವಿಜಯನಗರದ ಅಚ್ಯುತರಾಯನ ನಾಣ್ಯದಲ್ಲಿದೆ. ಮೈಸೂರು ಒಡೆಯರು ಅದನ್ನ ತಮ್ಮದು ಮಾಡ್ಕೊಂಡ್ರು, ಅಲ್ಲಿಂದ ರಾಜ್ಯಕ್ಕೆ ಬಂತು. ಬಳ್ಳಿಗಾವಿ ಕಲ್ಲನ್ನ ನೋಡಿ ಅಣ್ಣ ತಮ್ಮದೇ ಶೈಲಿಯಲ್ಲಿ ಬರೆದಿದ್ರೆ ವಾದ ಮಾಡೋಕೆ ಜಾಗ ಇರ್ತಿತ್ತು. ಆದ್ರೆ ನಮ್ಮ ಚಿತ್ರದಲ್ಲಿ ಹಕ್ಕಿಯ ಎರಡೂ ಕಡೆ ಆನೆ ಸೊಂಡಿಲಿನ ಶರಭಗಳು ನಿಂತಿದ್ವು, ನಡುವೆ ಗುರಾಣಿ. ವಿಧಾನಸೌಧದ ಲೆಟರ್‌ಹೆಡ್‌ನಲ್ಲಿ ಇರೋ ಹಾಗೇ. ಅಣ್ಣ ಮುಗುಳ್ನಕ್ಕು, “ಗೂಗಲ್‌ನಲ್ಲಿ ಚೆನ್ನಾಗಿ ಕಾಣಿಸ್ತಪ್ಪ, ನೋಡ್ಕೊಂಡು ಬರೆದೆ” ಅಂದ್ರು. ಇನ್ನು ವಾದ ಎಲ್ಲಿಂದ ಬರ್ಬೇಕು.

ಶರಭ ತೆಗೆದು ಅದೇ ಅರ್ಜಿಯಲ್ಲಿ ಹೊಸ ಚಿತ್ರ ಹಾಕೋಣ ಅಂದ್ರೆ ಅದೂ ಆಗಲ್ಲ. ಅಕ್ಷರ ತಪ್ಪು ತಿದ್ದಬಹುದು, ಗುರುತಿನ ಸ್ವರೂಪನೇ ಬದಲಾಯಿಸೋ ಹಾಗಿಲ್ಲ. ಹೊಸ ಚಿತ್ರ ಅಂದ್ರೆ ಹೊಸ ಅರ್ಜಿ, ಹೊಸ ಶುಲ್ಕ, ಹೊಸ ದಿನಾಂಕ. ಹಳೇ ದುಡ್ಡು ಹೋಯ್ತು.

ಆ ರಾತ್ರಿ ಹುಸ್ಕೂರು ಗೇಟ್ ಹತ್ರ ಟೀ ಕುಡೀತಾ ಅಣ್ಣನೇ ಕೇಳಿದ್ರು. “ಅಲ್ರಪ್ಪ, ಬೇಗೂರು ಕಲ್ಲು ಗಂಗರದು ಅಂತೀರಿ. ಗಂಗರಿಗೆ ಯಾವ ಲಾಂಛನ?” ಎಲ್ರೂ ಮುಖ ಮುಖ ನೋಡ್ಕೊಂಡ್ವಿ. ಕದಂಬರಿಗೆ ಸಿಂಹ, ಚಾಲುಕ್ಯರಿಗೆ ವರಾಹ, ರಾಷ್ಟ್ರಕೂಟರಿಗೆ ಗರುಡ, ಗಂಗರಿಗೆ ಆನೆ! ತಾಮ್ರಶಾಸನದ ಮುದ್ರೆ ಮೇಲೆ ಆನೆ ಇರುತ್ತೆ. ಮೈಸೂರು ಒಡೆಯರ ಹಕ್ಕಿಯನ್ನ ಗಂಗರ ಕಾಲದ ಸೈನಿಕರ ಗುರಾಣಿಗೆ ಕಟ್ಟಿ ಇಷ್ಟು ವರ್ಷ ಕುಣಿದಿದೀವಿ. ಅಮೆರಿಕದ ಆ ಸಂಘದವರು ನೋಡಿದ್ರೆ ಮೊದಲ ಸುತ್ತಲ್ಲೇ ವಾಪಸ್ ಕಳಿಸ್ತಿದ್ರು.

ಎರಡನೇ ಸಲ ಹುಷಾರಾದ್ವಿ. ಮೊದಲ ಅರ್ಜಿ ಯಾರ ಹೆಸರಲ್ಲಿತ್ತೋ ಆ ಗೆಳೆಯ ಅಷ್ಟರಲ್ಲಿ ಪುಣೆ ಸೇರಿದ್ದ. ಪ್ರತಿ ಸಹಿಗೂ ಕೊರಿಯರ್. ಹಾಗಾಗಿ ಮೊದಲು ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ ಸಂಘ ಮಾಡ್ಕೊಂಡ್ವಿ. ಕನಿಷ್ಠ ಏಳು ಜನ ಬೇಕು. ಸಂಘಕ್ಕೆ 9,000ದ ದರ ಬೀಳುತ್ತೆ, ಬೀಳ್ಲಿ. ಹೆಸರು ಬೇರೆ, ಚಿತ್ರ ಬೇರೆ ಅರ್ಜಿ ಮಾಡಿದ್ವಿ. ಒಂದಕ್ಕೆ ಪೆಟ್ಟು ಬಿದ್ರೆ ಇನ್ನೊಂದು ಉಳಿಯುತ್ತೆ. ಹೆಸರನ್ನ ಸಾಂಸ್ಕೃತಿಕ ಕಾರ್ಯಕ್ರಮಗಳ 41ನೇ ವರ್ಗದಲ್ಲಿ, ಹಳೇ ಬಳಕೆಯ ಅಫಿಡವಿಟ್ ಜೊತೆ. ಆನೆಯನ್ನ ಬಟ್ಟೆಯ 25ನೇ ವರ್ಗದಲ್ಲಿ, “ಇನ್ನು ಮುಂದೆ ಬಳಸ್ತೀವಿ” ಅಂತ. ಒಟ್ಟು 18,000. ಒಬ್ಬೊಬ್ಬರು 900 ಹಾಕಿದ್ವಿ.

ಹಾಕೋಕೆ ಮುಂಚೆ ಹುಡುಕಿದ್ವಿ. ಚಿತ್ರಗಳಿಗೆ ವಿಯೆನ್ನಾ ಕೋಡ್ ಅಂತ ಸಂಖ್ಯೆ ಕೊಟ್ಟಿರ್ತಾರೆ, ಆನೆ 3.2ರ ಗುಂಪಲ್ಲಿ ಬರುತ್ತೆ. ಸೈಟ್‌ನಲ್ಲಿ ಉಚಿತವಾಗಿ ನೋಡಬಹುದು. ನೋಡಿದ್ರೆ ಆನೆಗಳ ಹಿಂಡೇ ಇದೆ, ಸೊಂಡಿಲೆತ್ತಿದ್ದು, ಅಂಬಾರಿ ಹೊತ್ತಿದ್ದು. ಅಣ್ಣ ಮೂರು ಸಲ ಬದಲಾಯಿಸಿ ಬರೆದ್ರು. ಹಳದಿ ಕೆಂಪು ಹಾಕೋಣ ಅಂತ ಎಲ್ರ ಆಸೆ. ಬೇಡ ಅಂದೆ. ಬಣ್ಣ ಹೇಳಿಕೊಳ್ಳದೆ ಕಪ್ಪು ಬಿಳುಪಲ್ಲಿ ನೋಂದಾಯಿಸಿದ್ರೆ ಎಲ್ಲ ಬಣ್ಣಕ್ಕೂ ಅನ್ವಯ ಆಗುತ್ತೆ.

ಇನ್ನೊಂದು ಕಾಗದ ಇದೆ, ಅದನ್ನ ಯಾವ ಏಜೆಂಟೂ ನಮಗೆ ಹೇಳಿರ್ಲಿಲ್ಲ. ಚಿತ್ರ ಬರೆದೋರು ಅಣ್ಣ, ಹಾಗಾಗಿ ಹಕ್ಕುಸ್ವಾಮ್ಯ ಅವರದು. ಸಂಘ ಬಳಸ್ಬೇಕಂದ್ರೆ ಬರವಣಿಗೆಯಲ್ಲಿ ವರ್ಗಾವಣೆ ಆಗ್ಬೇಕು, ಬಾಯಿಮಾತು ನಡೆಯಲ್ಲ. ಅವಧಿ ಬರೀದೆ ಬಿಟ್ರೆ ಕಾನೂನು ಐದು ವರ್ಷ ಅಂತ ಲೆಕ್ಕ ಹಾಕುತ್ತೆ, ಪ್ರದೇಶ ಬರೀದಿದ್ರೆ ಭಾರತ ಮಾತ್ರ. ನಮ್ಮ ಪತ್ರದಲ್ಲಿ ಎರಡನ್ನೂ ಬರೆದು, ಮಾರೋ ಪ್ರತಿ ಟಿ-ಶರ್ಟ್‌ನಿಂದ ಅಣ್ಣಂಗೆ ಒಂದು ಪಾಲು, ಒಳಗಿನ ಲೇಬಲ್ ಮೇಲೆ ಅವರ ಹೆಸರು ಅಂತ ಸೇರಿಸಿದ್ವಿ. ಸಹಿ ಹಾಕೋವಾಗ ಅವರು ಎರಡು ಸಲ ಓದಿದ್ರು. “ನನ್ನ ಹೆಸರು ಕಾಗದದಲ್ಲಿ ಇಷ್ಟು ನೀಟಾಗಿ ಬಂದಿದ್ದು ಸಂಬಳದ ಸ್ಲಿಪ್ ಬಿಟ್ರೆ ಇದೇ ಮೊದಲು” ಅಂದ್ರು.

ಈಗ ಹೆಸರು ಜರ್ನಲ್‌ನಲ್ಲಿ ಪ್ರಕಟ ಆಗಿದೆ. ಅಲ್ಲಿಂದ ನಾಲ್ಕು ತಿಂಗಳು ಯಾರು ಬೇಕಾದ್ರೂ ತಕರಾರು ಹಾಕಬಹುದು, ನಮಗಿನ್ನೂ ಏಳು ವಾರ ಉಳಿದಿದೆ. ದಾಟಿದ್ರೆ ಹತ್ತು ವರ್ಷದ ನೋಂದಣಿ. ಆನೆ ಇನ್ನೂ ಪರೀಕ್ಷಕರ ಮೇಜಿನ ಮೇಲಿದೆ. ಅಷ್ಟರೊಳಗೆ ಉತ್ಸಾಹದ ಹುಡುಗರು ಐವತ್ತು ಟಿ-ಶರ್ಟ್ ಮೇಲೆ ವೃತ್ತದೊಳಗಿನ ‘ಆರ್’ ಅಚ್ಚು ಹಾಕ್ಸಿಬಿಟ್ಟಿದಾರೆ. ಅರ್ಜಿ ಹಾಕಿದ ಮೇಲೆ ‘ಟಿಎಂ’ ಅಂತ ಹಾಕ್ಕೋಬಹುದು, ನೋಂದಣಿ ಆಗೋಕೆ ಮುಂಚೆ ‘ಆರ್’ ಹಾಕೋದು ಕಾನೂನು ಪ್ರಕಾರ ತಪ್ಪು. ಈ ಭಾನುವಾರ ಅಣ್ಣನ ಮನೆಯಲ್ಲಿ ಕೂತು ಐವತ್ತಕ್ಕೂ ಫ್ಯಾಬ್ರಿಕ್ ಪೇಂಟ್ ಬಳಿಯೋ ಕೆಲಸ ಇದೆ.