ಸುಲಿಯುವ ಕೈಗೆ ಹೆದರುವುದೇಕೆ?

ಅಡಿಕೆ ಕೊಯ್ಲು ಶುರುವಾಯಿತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಂಗಳಗಳಲ್ಲಿ ರಾತ್ರಿ ಹತ್ತಾದರೂ ದೀಪ ಆರುವುದಿಲ್ಲ. ಮೆಟ್ಟುಗತ್ತಿ ಹಾಕಿಕೊಂಡು ಸಾಲಾಗಿ ಕುಳಿತವರು ಹಸಿ ಅಡಿಕೆ ಸುಲಿಯುತ್ತಾರೆ. ನಡುನಡುವೆ ಕವಳದ ಬಟ್ಟಲು ಕೈಯಿಂದ ಕೈಗೆ ಹೋಗುತ್ತದೆ. ಆ ಸಾಲಿನಲ್ಲಿ ಒಬ್ಬಳಿಗೆ ಎಚ್‌ಐವಿ ಇದೆಯೆಂದು ಸುದ್ದಿಯಾದರೆ ಸಾಕು, ಮರುದಿನ ಅವಳಿಗೆ ಕರೆ ಬರುವುದು ಕಷ್ಟ. ‘ಕೈ ಕೊಯ್ದುಕೊಂಡು ರಕ್ತ ಅಡಿಕೆಗೆ ತಾಗಿದರೆ?’

ತಾಗಿದರೂ ಯಾರಿಗೂ ಏನೂ ಆಗದು. ದೇಹದಿಂದ ಹೊರಬಿದ್ದ ವೈರಾಣು ಹೆಚ್ಚು ಹೊತ್ತು ಬಾಳುವುದಿಲ್ಲ. ಸುಲಿದ ಅಡಿಕೆಯಂತೂ ಹಂಡೆಯಲ್ಲಿ ಬೆಂದು, ದಿನಗಟ್ಟಲೆ ಬಿಸಿಲಲ್ಲಿ ಒಣಗುತ್ತದೆ. ಕವಳದ ಬಟ್ಟಲು, ನೀರಿನ ಲೋಟ, ಬಚ್ಚಲು, ಸೊಳ್ಳೆ ಯಾವುದರಿಂದಲೂ ಎಚ್‌ಐವಿ ಹರಡುವುದಿಲ್ಲ. ಅಸುರಕ್ಷಿತ ಲೈಂಗಿಕ ಸಂಪರ್ಕ, ಸೋಂಕಿತ ರಕ್ತ, ಹಂಚಿಕೊಂಡ ಸೂಜಿ, ತಾಯಿಯಿಂದ ಮಗುವಿಗೆ: ಅದು ಬರುವ ದಾರಿ ಇಷ್ಟೇ. ತಾಯಿ ಸಕಾಲದಲ್ಲಿ ಚಿಕಿತ್ಸೆ ಪಡೆದರೆ ಮಗುವಿಗೆ ತಗಲುವ ಸಾಧ್ಯತೆ ಶೇ 5ಕ್ಕಿಂತ ಕಡಿಮೆ.

1986ರಲ್ಲಿ ಚೆನ್ನೈನಲ್ಲಿ ಡಾ. ಸುನೀತಿ ಸೊಲೊಮನ್ ಅವರ ತಂಡ ದೇಶದ ಮೊದಲ ಪ್ರಕರಣಗಳನ್ನು ಪತ್ತೆಹಚ್ಚಿದಾಗ ಕೈಯಲ್ಲಿ ಔಷಧವಿರಲಿಲ್ಲ. 2004ರ ಏಪ್ರಿಲ್‌ನಿಂದ ಸರ್ಕಾರವೇ ವೈರಾಣುವನ್ನು ಹತ್ತಿಕ್ಕುವ ಎಆರ್‌ಟಿ ಮಾತ್ರೆಗಳನ್ನು ಉಚಿತವಾಗಿ ಕೊಡುತ್ತಿದೆ. ದಿನವೂ ತಪ್ಪದೆ ನುಂಗಿ, ಪರೀಕ್ಷೆಗೂ ಸಿಗದಷ್ಟು ವೈರಾಣು ಇಳಿದವರಿಂದ ಸಂಗಾತಿಗೆ ಲೈಂಗಿಕವಾಗಿ ಸೋಂಕು ದಾಟುವುದಿಲ್ಲ. ಔಷಧ ಇಷ್ಟು ಮುಂದೆ ಬಂದರೂ ನಮ್ಮ ಹೆದರಿಕೆ ಮಾತ್ರ ಮೂವತ್ತು ವರ್ಷ ಹಿಂದೆಯೇ ಕುಳಿತಿದೆ.

ಇದರ ಬೆಲೆ ತೆರುವವರು ಸೋಂಕಿತರು. ಡಬ್ಬಿಯ ಮೇಲಿನ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದು, ಮಾತ್ರೆಗಳನ್ನು ಸೀರೆಗಳ ಅಡಿಯಲ್ಲಿ ಬಚ್ಚಿಡುತ್ತಾರೆ. ಪರಿಚಯದವರು ಕಂಡಾರೆಂದು ಹತ್ತಿರದ ಆಸ್ಪತ್ರೆ ಬಿಟ್ಟು, ನೂರು ಕಿಲೋಮೀಟರ್ ದೂರದ ಹುಬ್ಬಳ್ಳಿಯಂಥ ಊರಿಗೆ ಬಸ್ ಹತ್ತುತ್ತಾರೆ. ಒಂದು ದಿನದ ಕೂಲಿ ಹೋಯಿತು, ಬಸ್‌ಚಾರ್ಜು ಬೇರೆ. ಒಮ್ಮೆ ಹೋಗಲಾಗದಿದ್ದರೆ ಮಾತ್ರೆ ತಪ್ಪುತ್ತದೆ, ವೈರಾಣು ಮತ್ತೆ ಬೆಳೆಯುತ್ತದೆ. ಔಷಧವಿದ್ದೂ ಜೀವ ಹೋಗುವುದು ಹೀಗೆ. ಗಂಡನಿಂದ ಸೋಂಕು ಪಡೆದು ವಿಧವೆಯಾದವಳಿಗಂತೂ ಅವನ ಸಾವಿನ ಅಪವಾದವೂ ಅಂಟುತ್ತದೆ.

2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಕಾಯ್ದೆಯ ಪ್ರಕಾರ ಕೆಲಸ, ಶಾಲೆ, ಬಾಡಿಗೆ ಮನೆ, ಆಸ್ಪತ್ರೆ ಎಲ್ಲಿಯೂ ಎಚ್‌ಐವಿ ಕಾರಣಕ್ಕೆ ತಾರತಮ್ಯ ಮಾಡುವಂತಿಲ್ಲ. ಸೋಂಕಿತರ ವಿರುದ್ಧ ದ್ವೇಷ ಹರಡಿದರೆ ಎರಡು ವರ್ಷದವರೆಗೂ ಜೈಲು. ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆ ಉಚಿತ, ಫಲಿತಾಂಶ ಗೋಪ್ಯ. ಮಾಹಿತಿ ಬೇಕಿದ್ದವರು ಸಹಾಯವಾಣಿ 1097ಕ್ಕೆ ಕರೆ ಮಾಡಬಹುದು.

ಆದರೆ ಕೆಲಸಕ್ಕೆ ಕರೆಯುವುದು, ಮದುವೆಮನೆಯ ಪಂಕ್ತಿಯಲ್ಲಿ ಪಕ್ಕ ಕೂರುವುದು ಕಾನೂನಿನಿಂದ ಆಗುವ ಕೆಲಸವಲ್ಲ. ಅದನ್ನು ನೆರೆಹೊರೆಯವರೇ ಮಾಡಬೇಕು. ಯಾರದೋ ಕಾಯಿಲೆಯ ಸುದ್ದಿ ಕಿವಿಗೆ ಬಿದ್ದರೆ ಅದನ್ನು ಮುಂದಿನ ಮನೆಗೆ ದಾಟಿಸಬೇಡಿ. ಒಬ್ಬರು ಹತ್ತಿರದ ಆಸ್ಪತ್ರೆಗೇ ಹೋಗಿ ಮಾತ್ರೆ ತರುವ ಧೈರ್ಯ ಅಷ್ಟರಿಂದಲೇ ಹುಟ್ಟೀತು.